ಮೂರು ದಿನ ತಡ

ಝೇನ್ಸ್‌ವಿಲ್, ಒಹಾಯೊ
ಆಗಸ್ಟ್ 9, 1988

ನೋರೀನ್,

ನನ್ನ ಕಾಗದ ಕಂಡು ನಿನಗೆ ಆಶ್ಚರ್ಯವಾಗಿರಬೇಕು. ಕಳೆದ ಡಿಸೆಂಬರ್‌ನಲ್ಲಿ ವಾಲ್ಟ್‌ನನ್ನು ಮಣ್ಣು ಮಾಡಿದ ದಿನ ಚರ್ಚಿನ ಬಾಗಿಲಲ್ಲಿ ನಿಂತು ನಾವಿಬ್ಬರೂ ಆಡಿಕೊಂಡ ಮಾತು ನಾನು ಮರೆತಿಲ್ಲ. ನೀನೂ ಮರೆತಿರಲಿಕ್ಕಿಲ್ಲ. ಅವನು ನಿನಗೆ ಗಂಡನಾಗುವ ಮೊದಲು ನನಗೆ ತಮ್ಮನಾಗಿದ್ದ ಎಂದೆ. ಅದರಲ್ಲಿ ಸುಳ್ಳೇನಿದೆ? ಹೋಗಲಿ, ಜಗಳ ಮುಂದುವರಿಸಲು ಬರೆಯುತ್ತಿಲ್ಲ. ಒಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ಕೇಳಿಕೊಳ್ಳುವುದು ನನ್ನ ಜಾಯಮಾನವಲ್ಲ ಎಂದು ನಿನಗೆ ಗೊತ್ತು.

ನನ್ನ ಕಣ್ಣು ಹೋಗುತ್ತಿದೆ. ಕಣ್ಣಿನ ಒಳಪರದೆ ನಟ್ಟನಡುವೆ ಸವೆಯುತ್ತಿದೆಯಂತೆ. ಕೊಲಂಬಸ್‌ನ ಡಾಕ್ಟರು ದೀಪ ಬಿಟ್ಟು ನೋಡಿ, ಇದಕ್ಕೆ ಔಷಧವಿಲ್ಲ, ಬರುವ ವಸಂತದ ಹೊತ್ತಿಗೆ ಓದುವುದು, ಮುಖ ಗುರುತು ಹಿಡಿಯುವುದು ಆಗಲಿಕ್ಕಿಲ್ಲ ಎಂದ. ಇನ್ನೂ ಮೀಸೆ ನೆಟ್ಟಗೆ ಬಂದಿಲ್ಲದ ಹುಡುಗ, ಎಷ್ಟು ಸಲೀಸಾಗಿ ಹೇಳಿದ ಗೊತ್ತೇ? ನಾನೂ ಅಷ್ಟೇ ಸಲೀಸಾಗಿ ಎದ್ದು ಬಂದೆ.

ಈಗ ಕೇಳಬೇಕಾದದ್ದು. ಅಮ್ಮನಿಗೆ ಲಕ್ವ ಹೊಡೆದ ಮೇಲೆ, ಅವಳು ತೀರಿಕೊಳ್ಳುವವರೆಗೆ, ಹದಿನೇಳು ಅಕ್ಟೋಬರ್ ನೀನೂ ವಾಲ್ಟೂ ಒಲೆ, ಹಾಸಿಗೆ, ಕಕ್ಕಸು ಎಲ್ಲ ಹೊತ್ತುಕೊಂಡು ಓಡುವ ಆ ಆರ್‌ವಿ ಗಾಡಿ ಹತ್ತಿ ವರ್ಮಾಂಟ್‌ಗೆ, ಚಳಿಗೆ ಮೊದಲು ಕೆಂಪಾಗುವ ಎಲೆ ನೋಡಲು ಹೋದಿರಿ. ಹೋಗುವಾಗ ನಮ್ಮ ಮನೆ ಮುಂದೆ ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದಿರಿ. ಅಮ್ಮ ಹಾಸಿಗೆಯಿಂದಲೇ, "ಯಾರೇ ಬಂದ್ರು?" ಅನ್ನುತ್ತಿದ್ದಳು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಕೈ ಬೀಸಿ ಹೊರಟಿರುತ್ತಿದ್ದಿರಿ. "ಯಾರೂ ಇಲ್ಲಮ್ಮ, ಹೋದ್ರು" ಅನ್ನುತ್ತಿದ್ದೆ. ಆಮೇಲೆ ವಾಲ್ಟ್‌ನ ಕಾಗದ ಬರುತ್ತಿತ್ತು, ಒಳಗೆ ಎರಡು ಮೂರು ಕೆಂಪು ಮೇಪಲ್ ಎಲೆ. ಪಾತ್ರೆ ತೊಳೆಯುವ ಜಾಗದ ಕಿಟಕಿಗೆ ಸಿಕ್ಕಿಸುತ್ತಿದ್ದೆ. ಮೂವತ್ತು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ ತಟ್ಟೆಗಳಿಗೆ ಕೆಂಪು ಅಂಚು, ಕೆಂಪು ಗುಲಾಬಿ ಬರೆದವಳು ನಾನು. ನಾವು ಬಳಿಯುವಾಗ ಆ ಬಣ್ಣ ಕೆಸರಿನ ಹಾಗೆ ಇರುತ್ತಿತ್ತು, ಭಟ್ಟಿಯಿಂದ ಹೊರಬಂದ ಮೇಲೆಯೇ ಕೆಂಪು. ಯಾವ ಕೆಸರು ಯಾವ ಕೆಂಪಾಗುತ್ತದೆ ಎಂದು ನೋಡಿಯೇ ಹೇಳುತ್ತಿದ್ದೆ. ಅಂಥವಳು ಒಂದು ಗುಡ್ಡ ಇಡೀ ಕೆಂಪಾಗಿ ನಿಂತದ್ದನ್ನು ಒಂದು ಸಲವೂ ನೋಡಿಲ್ಲ.

ಈ ಅಕ್ಟೋಬರ್ ನನ್ನನ್ನು ಕರೆದುಕೊಂಡು ಹೋಗು. ವಾಲ್ಟ್ ಪ್ರತಿ ವರ್ಷ ನಿಲ್ಲುತ್ತಿದ್ದನಲ್ಲ, ಕೆರೆಯ ಮೇಲಿನ ಆ ದಿಬ್ಬ, ಅಲ್ಲಿಗೆ. ಒಂದೇ ಒಂದು ಸಲ. ಇದನ್ನು ಉಪಕಾರ ಎಂದುಕೊಳ್ಳಬೇಡ. ಇದು ನನಗೆ ಬರಬೇಕಾದದ್ದು.

ಥೆಲ್ಮಾ


ಈರಿ, ಪೆನ್ಸಿಲ್ವೇನಿಯಾ
ಆಗಸ್ಟ್ 20, 1988

ಥೆಲ್ಮಾ,

ಕೇಳಿಕೊಳ್ಳುತ್ತೇನೆ ಎಂದು ಶುರು ಮಾಡಿ ಬೈಗುಳದಲ್ಲಿ ಮುಗಿಸಲು ನಿನ್ನೊಬ್ಬಳಿಗೇ ಸಾಧ್ಯ.

ಕಣ್ಣಿನ ವಿಷಯ ಓದಿ ಬೇಸರವಾಯಿತು. ಸುಳ್ಳು ಬೇಸರ ಬರೆಯುವ ಅಭ್ಯಾಸ ನನಗಿಲ್ಲ, ನಂಬು.

ಆದರೆ ಹದಿನೇಳು ಅಕ್ಟೋಬರ್ ಎಂದು ಎಣಿಸಿದ್ದೀಯಲ್ಲ, ಅದರಲ್ಲಿ ಒಂದನ್ನು ನಾನೂ ನೆನಪಿಸುತ್ತೇನೆ. ಎರಡನೆಯ ವರ್ಷವೇ ವಾಲ್ಟ್, "ಅಕ್ಕ, ಹದಿನೈದು ದಿನ ಅಮ್ಮನ್ನ ನರ್ಸಿಂಗ್ ಹೋಮಲ್ಲಿ ಬಿಡೋಣ, ನೀನೂ ಬಾ" ಎಂದ. ನೀನು ಬಾಗಿಲಿಗೆ ಅಡ್ಡ ನಿಂತು, "ನನ್ನ ಹೆಣ ದಾಟಿ ಕರ್ಕೊಂಡು ಹೋಗಿ" ಎಂದೆ. ಆಮೇಲೆ ಅವನು ಕೇಳಲಿಲ್ಲ. ಮತ್ತೆ ಮತ್ತೆ ಕೇಳಬೇಕಿತ್ತು ಎಂದು ನೀನು ಹೇಳಬಹುದು. ಅವನು ಮತ್ತೆ ಮತ್ತೆ ಕೇಳುವ ಜಾತಿಯಲ್ಲ.

ಸರಿ, ಹೋಗೋಣ. ಗಾಡಿ ಶೆಡ್ಡಿನಲ್ಲಿ ಮುಸುಕು ಹಾಕಿಕೊಂಡು ನಿಂತಿದೆ. ವಾಲ್ಟ್‌ನ ಸೀಟಿನಲ್ಲಿ ನಾನು ಕೂರುತ್ತೇನೆ, ನನ್ನ ಸೀಟಿನಲ್ಲಿ ನೀನು. ಒಂದು ವಿಷಯ ತಿಳಿದುಕೊ. ಇಂಥ ಗಾಡಿಯನ್ನು ಕ್ಯಾಂಪಿನಲ್ಲಿ ಹಿಂದಕ್ಕೆ ತೆಗೆದು ನಿಲ್ಲಿಸುವಾಗ ಒಬ್ಬರು ಇಳಿದು ಹಿಂದೆ ನಿಂತು ಕೈಸನ್ನೆ ಮಾಡಬೇಕು. ಒಳಗಿದ್ದವರಿಗೆ ಹಿಂದಿನದು ಏನೂ ಕಾಣುವುದಿಲ್ಲ. ಇಷ್ಟು ವರ್ಷ ಅದು ನನ್ನ ಕೆಲಸವಾಗಿತ್ತು. ವಾಲ್ಟೂ ನಾನೂ ಜಗಳವಾಡಿದ್ದೆಲ್ಲ ಅಲ್ಲೇ. ಈಗ ಅದು ನಿನ್ನ ಕೆಲಸ.

ಇನ್ನೊಂದು. ಎಲೆ ನಮ್ಮ ಮಾತು ಕೇಳುವುದಿಲ್ಲ. ಗುಡ್ಡಕ್ಕೆ ಪೂರ್ತಿ ಬೆಂಕಿ ಬಿದ್ದ ಹಾಗೆ ಕಾಣುವುದು ನಾಲ್ಕೈದು ದಿನ ಮಾತ್ರ. ಅದಕ್ಕೆ ನಾವು ತುಂಬುಬಣ್ಣ ಅನ್ನುತ್ತೇವೆ. ಅದಕ್ಕಿಂತ ಮೊದಲು ಹೋದರೆ ಹಸಿರು, ಆಮೇಲೆ ಹೋದರೆ ಬೋಳು. ಯಾವ ಜಿಲ್ಲೆಯಲ್ಲಿ ಎಷ್ಟು ಬಣ್ಣ ಬಂತು ಎಂದು ಹೇಳುವ ಸರ್ಕಾರದ ಫೋನ್ ನಂಬರ್ ಇದೆ. ಸೆಪ್ಟೆಂಬರ್ ಹುಟ್ಟಿದ ಮೇಲೆ ದಿನಾ ಕೇಳುತ್ತೇನೆ. ಸದ್ಯಕ್ಕೆ 27ಕ್ಕೆ ಬಂದು ನಿನ್ನನ್ನು ಹತ್ತಿಸಿಕೊಳ್ಳುತ್ತೇನೆ ಎಂದಿಟ್ಟುಕೊ. ಬೆಚ್ಚಗಿನ ಬಟ್ಟೆ ತಾ. ನಿನ್ನ ಆ ಕರ್ಪೂರದ ಮುಲಾಮು ಗಾಡಿಯೊಳಗೆ ಬೇಡ.

ನೋರೀನ್


ಝೇನ್ಸ್‌ವಿಲ್
ಸೆಪ್ಟೆಂಬರ್ 22, 1988

ನೋರೀನ್,

27 ಎಂದವಳು ಈಗ 30 ಎನ್ನುತ್ತೀಯ. ಗಾಡಿಯ ಹೀಟರ್ ಕೆಟ್ಟಿದೆ, ರಿಪೇರಿಯವನು ಕೈ ಕೊಟ್ಟ, ಉತ್ತರದಲ್ಲಿ ಚಳಿ. ಚಳಿಯಾದರೆ ಎರಡು ಕಂಬಳಿ ಹೊದೆಯುತ್ತೇನೆ! ಹದಿನೇಳು ವರ್ಷ ಅಮ್ಮನ ಕೋಣೆಯ ನೆಲದ ಮೇಲೆ ಮಲಗಿದವಳಿಗೆ ಹೀಟರ್ ಇಲ್ಲ ಎಂದು ಹೆದರಿಸುತ್ತೀಯಾ? ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ. ತುಂಬುಬಣ್ಣ ನಾಲ್ಕೈದೇ ದಿನ ಎಂದವಳು ನೀನೇ. ನಿನಗೆ ಮುಂದಿನ ವರ್ಷ ಇನ್ನೊಂದು ಅಕ್ಟೋಬರ್ ಇರುತ್ತದೆ. ನನಗಿಲ್ಲ.

ಪೆಟ್ಟಿಗೆ ಕಟ್ಟಿ ಆಗಿದೆ. ಪಕ್ಕದ ಮನೆಯ ಇರ್ಮಾ ಪಾವ್ಲಿಕ್ ಕಟ್ಟಿಕೊಟ್ಟಳು. ನನ್ನ ಕಾಲುಚೀಲ ನೋಡಿ, "ಒಂದು ಕೆಂಪು ಒಂದು ಹಸಿರು ಹಾಕ್ಕೊಂಡಿದ್ದೀರಲ್ಲ, ಈಗಲೇ ಕ್ರಿಸ್‌ಮಸ್ಸಾ?" ಎಂದು ನಕ್ಕಳು. ಎರಡೂ ಒಂದೇ ಕಂದು. ಅವಳ ಕಣ್ಣಿಗೇನಾಗಿದೆಯೋ. ಡಾಕ್ಟರ ಬಳಿ ಅವಳನ್ನು ಕಳಿಸಬೇಕು.

30ಕ್ಕೆ ಬೆಳಿಗ್ಗೆ ಬಾ. ಅದಕ್ಕಿಂತ ಒಂದು ದಿನ ತಡವಾದರೂ ನಾನು ಬಾಗಿಲು ತೆಗೆಯುವುದಿಲ್ಲ.

ಥೆಲ್ಮಾ


ಝೇನ್ಸ್‌ವಿಲ್
ಅಕ್ಟೋಬರ್ 14, 1988

ನೋರೀನ್,

ದಾರಿಯುದ್ದಕ್ಕೂ ನಾನು ಬಾಯಿ ಬಿಡಲಿಲ್ಲ, ಯಾಕೆಂದರೆ ನಿನ್ನ ಪಕ್ಕದಲ್ಲಿ ಕೂತು ಅಳುವುದು ನನಗೆ ಬೇಡವಾಗಿತ್ತು. ಈಗ ನನ್ನ ಮೇಜು, ನನ್ನ ಕುರ್ಚಿ. ಈಗ ಹೇಳುತ್ತೇನೆ.

ಕಂದು. ನೀನು ನನಗೆ ತೋರಿಸಿದ್ದು ಕಂದು. ಈ ತುದಿಯಿಂದ ಆ ತುದಿಯವರೆಗೆ ಕೆಸರು ಬಳಿದ ಗುಡ್ಡ, ಕೆಳಗೆ ಬೂದು ಬಣ್ಣದ ಕೆರೆ, ಅಲ್ಲಲ್ಲಿ ಒಂದಿಷ್ಟು ಹಳದಿ. ವಾಲ್ಟ್ ಪ್ರತಿ ವರ್ಷ ಟೋಪಿ ತೆಗೆದು ನಿಲ್ಲುತ್ತಿದ್ದ ಜಾಗ ಇದು ಎಂದೆ. ನಾನು ದಿಬ್ಬದಂಚಿನ ಕಂಬಿ ಹಿಡಿದು, "ಇದೇನಾ?" ಎಂದು ಕೇಳಿದೆ. ನೀನು ಏನು ಹೇಳಿದೆ ನೆನಪಿದೆಯೇ? "ಗಾಳಿ ಹೊಡೆದುಬಿಡ್ತು ಥೆಲ್ಮಾ. ಕೆಂಪೆಲ್ಲ ಉದುರಿಹೋಯ್ತು, ಉಳಿದಿರೋದು ಒಣಗಿದ್ದು. ಮೂರು ದಿನ ತಡ ಆಯ್ತು." ಬಸ್ಸು ತಪ್ಪಿತು ಎನ್ನುವ ಹಾಗೆ ಹೇಳಿದೆ.

ಮೂರು ದಿನ! ಆ ಮೂರು ದಿನ ಯಾವುದು ಎಂದು ನನಗೂ ಗೊತ್ತು, ನಿನಗೂ ಗೊತ್ತು. ಬೇಡ ಎಂದು ಬೇಡಿಕೊಂಡಿದ್ದೆ. ಆ ಜಾಗ ನಿನ್ನದು ಮತ್ತು ವಾಲ್ಟ್‌ನದು, ಅಲ್ಲಿಗೆ ನಾನು ಬರುವುದು ನಿನಗೆ ಇಷ್ಟವಿರಲಿಲ್ಲ. ಅಷ್ಟು ಹೊಟ್ಟೆಯುರಿ ಇದ್ದರೆ ಆಗಸ್ಟ್‌ನಲ್ಲೇ ಆಗುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಬೇಕಿತ್ತು. ಕರೆದುಕೊಂಡು ಹೋಗಿ ಉಪವಾಸ ಕೆಡವಿದೆ.

ಅಲ್ಲಿ ನೆಲದ ಮೇಲೆ ಬಿದ್ದಿದ್ದ ಎಲೆಗಳಲ್ಲಿ ನಾಲ್ಕೈದು ಆರಿಸಿ ಬೈಬಲ್‌ನಲ್ಲಿಟ್ಟಿದ್ದೆ. ಒಂದನ್ನು ಇದರೊಳಗೆ ಹಾಕಿದ್ದೇನೆ. ನೋಡು. ಊಟಕ್ಕೆ ಕೂತಾಗ ಮುಂದಿಟ್ಟುಕೊಂಡು ನೋಡು. ನನ್ನ ಕೊನೆಯ ಅಕ್ಟೋಬರ್‌ಗೆ ನೀನು ಕೊಟ್ಟ ಬಣ್ಣ ಅದು. ಉಳಿದವು ನನ್ನ ಹತ್ತಿರವೇ ಇರಲಿ, ಸಾಕ್ಷಿಗೆ.

ಥೆಲ್ಮಾ


ಈರಿ
ಅಕ್ಟೋಬರ್ 19, 1988

ಥೆಲ್ಮಾ,

ಕಾಗದ ಬಂತು. ಎಲೆಯೂ ಬಂತು.

ಹೌದು, ತಡವಾಯಿತು. ರಿಪೇರಿಯವನನ್ನು ನಂಬಿ ಕೂತೆ. ತಪ್ಪು ನನ್ನದೇ. ಇದಕ್ಕಿಂತ ಹೆಚ್ಚು ಬರೆಯಲು ಏನೂ ಇಲ್ಲ. ಹಿಂದಿನ ಬಂಪರ್ ಬೇರೆ ಹಾಕಿಸಿದ್ದೇನೆ, ಅದಕ್ಕೆ ನಿನ್ನನ್ನು ಏನೂ ಅನ್ನುತ್ತಿಲ್ಲ.

ನಿನ್ನ ಮುಲಾಮಿನ ಡಬ್ಬಿ ಸೀಟಿನ ಕೆಳಗೆ ಸಿಕ್ಕಿತು. ಟಪಾಲಿನಲ್ಲಿ ಕಳಿಸುತ್ತೇನೆ.

ನೋರೀನ್


ಟೂಸಾನ್, ಅರಿಜೋನಾ
ನವೆಂಬರ್ 6, 1988

ಅಮ್ಮಾ,

ಫೋನಿನಲ್ಲಿ ಮಾತಾಡಿದರೆ ನಾನು ಕಿರುಚಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಥೆಲ್ಮಾ ಅತ್ತೆ ಫೋನ್ ಮಾಡಿದ್ದರು. ಅಜ್ಜಿಯನ್ನು ಮಣ್ಣು ಮಾಡುವಾಗಲೂ ಒಂದು ಹನಿ ಕಣ್ಣೀರು ಹಾಕದ ಹೆಂಗಸು ನನ್ನ ಹತ್ತಿರ ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅತ್ತರು. "ನಿಮ್ಮಮ್ಮ ಬೇಕೂಂತಲೇ ತಡ ಮಾಡಿದ್ಳು ಮಾರ್ಲಾ" ಎಂದರು. ನಾನು ನಿನ್ನ ಪರ ಮಾತಾಡಲು ಹೋದೆ. ಏನಂತ ಮಾತಾಡಲಿ? ನೀನೇ ಕಾಗದ ಬರೆದು ಒಪ್ಪಿಕೊಂಡಿದ್ದೀಯಂತೆ.

ಕಣ್ಣು ಹೋಗುತ್ತಿರುವ ಮುದುಕಿ ಅಮ್ಮಾ! ಒಂದು ಹೀಟರಿಗಾಗಿ ಕಾದೆಯಾ? ಅಪ್ಪ ಇದ್ದಿದ್ದರೆ ಒಲೆ ಹಚ್ಚಿಕೊಂಡಾದರೂ ಹೊರಡುತ್ತಿದ್ದ. ಅಪ್ಪನ ಜಾಗದಲ್ಲಿ ಬೇರೆಯವರು ನಿಲ್ಲುವುದು ನಿನಗೆ ಸಹಿಸಲಾಗಲಿಲ್ಲವೇ? ಅಷ್ಟಾದರೂ ನಿಜ ಹೇಳು. ಯಾವತ್ತೂ ನಿನ್ನದು ಇದೇ ಆಯಿತು. ಕೇಳಿದರೆ ಎರಡು ಸಾಲು, ಬಾಯಿಗೆ ಬೀಗ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ನಾವು ಬರುತ್ತಿಲ್ಲ. ಮಕ್ಕಳಿಗೆ ಏನಾದರೂ ಹೇಳುತ್ತೇನೆ. ನಿನ್ನ ಎದುರು ಕೂತು ಟರ್ಕಿ ಕೋಳಿ ಕೊಯ್ದು ನಗುವುದು ಈ ಸಲ ನನ್ನ ಕೈಲಾಗದು.

ಮಾರ್ಲಾ


ಈರಿ
ನವೆಂಬರ್ 13, 1988

ಮಾರ್ಲಾ,

ಇದನ್ನು ಓದಿ ಒಲೆಗೆ ಹಾಕು. ನಿನ್ನ ಗಂಡನಿಗೂ ಹೇಳಬೇಡ. ಅವನು ಒಳ್ಳೆಯವನೇ, ಆದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ನಾವು ತಡವಾಗಿ ಹೋಗಿರಲಿಲ್ಲ.

ಹೊರಟ ಮೊದಲ ದಿನ ನ್ಯೂಯಾರ್ಕ್ ರಾಜ್ಯದ ಒಂದು ಕ್ಯಾಂಪಿನಲ್ಲಿ ಉಳಿದೆವು. ಗಾಡಿ ಹಿಂದಕ್ಕೆ ತೆಗೆಯಬೇಕಿತ್ತು. ನಿನ್ನತ್ತೆ ಕೋಟಿನ ಗುಂಡಿ ಹಾಕಿಕೊಂಡು, ದೊಡ್ಡ ಪೊಲೀಸಿನವಳ ಹಾಗೆ ಇಳಿದು ಹೋಗಿ ಹಿಂದೆ ನಿಂತಳು. "ಬಾ, ಬಾ, ಇನ್ನೂ ಬಾ, ಬೇಕಾದಷ್ಟು ಜಾಗ ಇದೆ!" ಕನ್ನಡಿಯಲ್ಲಿ ಅವಳ ಕೈ ಕರೆಯುತ್ತಲೇ ಇದೆ. ಧಡ್ ಎಂದಿತು. ಇಳಿದು ನೋಡಿದರೆ ನೀರಿನ ನಲ್ಲಿಯ ಕಂಬ ಬಂಪರಿಗೆ ಸಿಕ್ಕಿ ವಾಲಿದೆ. ಯಾರೂ ಗುದ್ದಬಾರದು ಎಂದೇ ಬುಡದಿಂದ ತುದಿಯವರೆಗೆ ರಕ್ತಗೆಂಪು ಬಳಿದ ಕಂಬ, ಹಸಿರು ಹುಲ್ಲಿನ ಮಧ್ಯೆ. ಅವಳು ನಿಂತಿದ್ದ ಜಾಗದಿಂದ ಒಂದು ಮಾರು ದೂರ.

"ಕಣ್ಣು ಕಾಣಲ್ವೇನೇ ನಿಂಗೆ?" ಎಂದುಬಿಟ್ಟೆ. ಆಡಬಾರದಿತ್ತು.

ಅವಳು ನನ್ನನ್ನೇ ತಿರುಗಿ ಬೈದಳು. "ಹುಲ್ಲಿನ ಬಣ್ಣದ ಕಂಬ ತಂದು ಹುಲ್ಲಲ್ಲಿ ನೆಟ್ಟರೆ ಯಾರಿಗೆ ಕಾಣುತ್ತೆ? ಬುದ್ಧಿ ಇರೋರಾಗಿದ್ರೆ ಕೆಂಪು ಬಳೀತಿದ್ರು!"

ನಾನು ಕಂಬದ ಕೆಂಪನ್ನೊಮ್ಮೆ, ಅವಳನ್ನೊಮ್ಮೆ ನೋಡಿದೆ. ತಿರುಗಿ ಬೈಯುವುದು ಬಿಟ್ಟು, ಗಾಡಿ ಹತ್ತಿ ಮುಂದಕ್ಕೆ ತೆಗೆದೆ. ಮಸುಕಾಗಿ ಕಾಣುತ್ತದೆ ಎಂದಷ್ಟೇ ಅವಳು ಹೇಳಿದ್ದು, ಡಾಕ್ಟರು ಹೇಳಿದ್ದೂ ಅಷ್ಟೇ. ಬಣ್ಣ ಆಗಲೇ ಹೋಗಿದೆ ಎಂದು ಅವಳಿಗೇ ಗೊತ್ತಿರಲಿಲ್ಲ ಮಾರ್ಲಾ. ಸ್ವಲ್ಪ ಸ್ವಲ್ಪವಾಗಿ ಹೋದದ್ದು ಕಳೆದುಕೊಂಡವರಿಗೆ ಗೊತ್ತಾಗುವುದಿಲ್ಲವೋ ಏನೋ.

ಮರುದಿನ ವರ್ಮಾಂಟ್ ಒಳಗೆ ಬಂದೆವು. ನಿನ್ನಪ್ಪನ ಜೊತೆ ಇಷ್ಟು ವರ್ಷ ಹೋಗಿದ್ದೇನೆ, ಇಂಥ ವರ್ಷ ನೋಡಿರಲಿಲ್ಲ. ರಸ್ತೆಯ ಎರಡೂ ಬದಿ ಕೆಂಪೋ ಕೆಂಪು, ಗಾಡಿಯ ಗಾಜಿನ ಮೇಲೆಲ್ಲ ಅದರ ಬೆಳಕು. ಎದುರಿನಿಂದ ಬರುವ ಕಾರಿನವರು ನಿಲ್ಲಿಸಿ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ನಿನ್ನತ್ತೆ ಗಾಜಿಗೆ ಹಣೆ ಹಚ್ಚಿ ಕೂತು, "ಇನ್ನೂ ಶುರುವಾಗಿಲ್ಲ ಅಲ್ವಾ? ಇನ್ನೂ ಉತ್ತರಕ್ಕೆ ಹೋಗ್ಬೇಕೇನೋ" ಎಂದಳು.

"ಹೂಂ, ಇನ್ನೂ ಉತ್ತರಕ್ಕೆ" ಎಂದೆ.

ಸಂಜೆಯವರೆಗೂ ಹಾಗೇ ಹೇಳಿಕೊಂಡು ಹೋದೆ. ಇನ್ನು ಸ್ವಲ್ಪ ಮುಂದೆ, ಇನ್ನು ಸ್ವಲ್ಪ ಮುಂದೆ. ಅವಳು ಒಳ್ಳೆಯ ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು ಕೂತಿದ್ದಳು. ಸಿನಿಮಾ ಶುರುವಾಗಲಿ ಎಂದು ಕಾಯುವವರ ಹಾಗೆ.

ದಿಬ್ಬಕ್ಕೆ ಬೇಕೆಂದೇ ಬೆಳಿಗ್ಗೆ ಬೇಗ ಕರೆದೊಯ್ದೆ, ಜನ ಬಂದು ಹೋ ಎನ್ನುವ ಮೊದಲು. ಆದರೂ ಕ್ಯಾಮೆರಾ ನೇತುಹಾಕಿಕೊಂಡ ಒಬ್ಬ ಬಂದೇ ಬಂದ. "ಎಂಥ ದಿನ ಸಿಕ್ತು ನೋಡಿ!" ಎಂದು ನನ್ನ ಕಡೆ ಬಂದವನಿಗೆ, "ನಿಮ್ಮ ಕಾರಿನ ದೀಪ ಹಾಗೇ ಉರೀತಿದೆ, ಹೋಗಿ ನೋಡಿ" ಎಂದು ಸುಳ್ಳು ಹೇಳಿ ಓಡಿಸಿದೆ. ನಿನ್ನತ್ತೆ ಕಂಬಿ ಹಿಡಿದು ನಿಂತಿದ್ದಳು. ಗುಡ್ಡ ಧಗಧಗ ಎನ್ನುತ್ತಿತ್ತು. ಕೆರೆಯೊಳಗೆ ಇನ್ನೊಂದು ಗುಡ್ಡ ತಲೆಕೆಳಗಾಗಿ ಉರಿಯುತ್ತಿತ್ತು. ಅವಳು ತುಂಬ ಹೊತ್ತು ನೋಡಿದಳು. ಆಮೇಲೆ ತಿರುಗಿ, "ಇದೇನಾ?" ಎಂದಳು.

ನೀನಾಗಿದ್ದರೆ ಏನು ಹೇಳುತ್ತಿದ್ದೆ? ಮೂವತ್ತು ವರ್ಷ ಕೆಂಪು ಬಳಿದವಳು ಅವಳು. ಮದುವೆಯಿಲ್ಲ, ಮಕ್ಕಳಿಲ್ಲ, ಊರು ಬಿಟ್ಟು ಹೋದವಳಲ್ಲ. ಅವಳಿಗೆ ತನ್ನದು ಎನ್ನಲು ಇದ್ದದ್ದು ಅದೊಂದೇ, ಬಣ್ಣ ನನಗೆ ಹೇಳಿಕೊಡಬೇಡಿ ಎನ್ನುವ ಜಂಬ. ಗುಡ್ಡ ಇಡೀ ಕೆಂಪಾಗಿದೆ ಥೆಲ್ಮಾ, ನಿನಗೇ ಕಾಣುತ್ತಿಲ್ಲ ಎನ್ನಲೇ? ಗಾಳಿ ಹೊಡೆಯಿತು ಎಂದೆ. ಮೂರು ದಿನ ತಡವಾಯಿತು ಎಂದೆ. ಹೇಗೂ ನನ್ನನ್ನು ಬೈಯಲು ಅವಳಿಗೆ ಅಭ್ಯಾಸವಿದೆ.

ಇದನ್ನು ಓದಿ ನನಗೆ ಅವಳ ಮೇಲೆ ಪ್ರೀತಿ ಉಕ್ಕಿ ಹರಿಯಿತು ಎಂದುಕೊಳ್ಳಬೇಡ. ಇವತ್ತಿಗೂ ಅವಳನ್ನು ಕಂಡರೆ ನನಗಾಗದು. ವಾಪಸು ಬರುವಾಗ ಎರಡು ದಿನ ಮುಖ ಊದಿಸಿಕೊಂಡು ಕೂತು, ನಾನು ಮಾಡಿದ ಸೂಪಿಗೆ ಉಪ್ಪಿಲ್ಲ ಎಂದು ಮಾತ್ರ ಬಾಯಿ ಬಿಟ್ಟಳು. ಆಮೇಲೆ ಆ ಕಾಗದ ಬರೆದಳು. ಒಂದು ಎಲೆ ಇಟ್ಟಿದ್ದೇನೆ, ನೀನು ತೋರಿಸಿದ ಕಂದು ನೋಡು ಎಂದು. ಅಡುಗೆಮನೆಯಲ್ಲಿ ನಿಂತು ಲಕೋಟೆ ಕೊಡವಿದೆ. ಮೇಜಿನ ಮೇಲೆ ಬಿದ್ದದ್ದು ಕಡುಗೆಂಪು ಎಲೆ ಮಾರ್ಲಾ, ಈಗ ತಾನೆ ಕೊಯ್ದ ಹಾಗೆ. ಬಾಯಿಗೆ ಬಂದದ್ದೆಲ್ಲ ಬೈದೆ, ಯಾರನ್ನು ಬೈದೆ ಎಂದು ಗೊತ್ತಿಲ್ಲ. ಆಮೇಲೆ ಕೂತು ಅತ್ತೆ.

ನೀನು ಥ್ಯಾಂಕ್ಸ್‌ಗಿವಿಂಗ್‌ಗೆ ಬರುವುದೂ ಬಿಡುವುದೂ ನಿನಗೆ ಸೇರಿದ್ದು. ಆದರೆ ಅವಳು ಮತ್ತೆ ಫೋನ್ ಮಾಡಿದರೆ, ಹೌದು ಅತ್ತೆ, ಅಮ್ಮನದೇ ತಪ್ಪು ಅನ್ನು. ಜೋರಾಗಿಯೇ ಅನ್ನು.

ಅಮ್ಮ


ಝೇನ್ಸ್‌ವಿಲ್
ಜನವರಿ 25, 1989

ನೋರೀನ್,

ಇದನ್ನು ಬರೆಯುತ್ತಿರುವುದು ಇರ್ಮಾ ಪಾವ್ಲಿಕ್. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಹೇಳಿದ ಹಾಗೇ ಬರೆಯುತ್ತಾಳೋ ತನ್ನದೂ ಸೇರಿಸುತ್ತಾಳೋ ನೋಡಲು ನನಗೆ ಆಗುವುದಿಲ್ಲ.

ಡಾಕ್ಟರು ಹೇಳಿದ್ದಕ್ಕಿಂತ ಬೇಗ ಬಂತು. ಗಡಿಯಾರದ ಮಧ್ಯ ಇಲ್ಲ, ಅಂಚು ಮಾತ್ರ ಇದೆ. ಮುಖಗಳೂ ಹಾಗೇ. ನಿನ್ನ ಮುಖ ಕಾಣಬೇಕಾಗಿಲ್ಲ ಎನ್ನುವುದೊಂದು ಸಮಾಧಾನ.

ನಿನ್ನ ವಿಷಯ ಇಲ್ಲಿ ಎಲ್ಲರಿಗೂ ಗೊತ್ತಿದೆ. ಚರ್ಚಿನ ಹೆಂಗಸರಿಗೆ, ಪಾದ್ರಿಗೆ, ಮಾಂಸದಂಗಡಿಯವನಿಗೂ ಹೇಳಿದ್ದೇನೆ. "ಮೂರು ದಿನಕ್ಕೋಸ್ಕರ ಹೀಗೆ ಮಾಡಿದ್ಳಾ?" ಎಂದು ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಮಾರ್ಲಾಳಿಗೂ ಮತ್ತೆ ಫೋನ್ ಮಾಡಿದ್ದೆ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ನಿನ್ನದು ತಪ್ಪು ಎಂದಳು. ಆಗ ಸ್ವಲ್ಪ ನಿದ್ದೆ ಬಂತು.

ನಿನ್ನಿಂದ ಉತ್ತರ ಬೇಡ. ಬರೆದರೆ ದೊಡ್ಡ ಅಕ್ಷರದಲ್ಲಿ ಬರೆ.

ಥೆಲ್ಮಾ

ಹೇಳಿದ ಹಾಗೇ ಬರೆದಿದ್ದೇನೆ. ಮಾಂಸದಂಗಡಿಯವನಿಗೆ ನಿಜವಾಗಿಯೂ ಹೇಳಿದ್ದಾರೆ. — ಇರ್ಮಾ ಪಾವ್ಲಿಕ್


ಈರಿ
ಮಾರ್ಚ್ 8, 1989

ಥೆಲ್ಮಾ,

ಗಾಡಿ ಮಾರಿದೆ. ಬಫಲೋದಿಂದ ಗಂಡ ಹೆಂಡತಿ ಬಂದಿದ್ದರು, ಚಿಕ್ಕ ವಯಸ್ಸು. ಹಿಂದಕ್ಕೆ ತೆಗೆಯುವುದನ್ನು ತೋರಿಸಿಕೊಡಿ ಎಂದರು. ಹುಡುಗಿ ಹಿಂದೆ ನಿಂತು ಕೈಸನ್ನೆ ಮಾಡಿದಳು, ಅವನು ಕೇಳಲಿಲ್ಲ, ಅಲ್ಲೇ ಜಗಳ ಶುರುವಾಯಿತು. ಒಳ್ಳೆಯದಾಗುತ್ತದೆ ಎಂದು ಕೀಲಿಕೈ ಕೊಟ್ಟೆ.

ಮಾರ್ಲಾ ಮಕ್ಕಳನ್ನು ಕರೆದುಕೊಂಡು ಕ್ರಿಸ್‌ಮಸ್‌ಗೆ ಬಂದಿದ್ದಳು. ನಿನ್ನನ್ನು ಕೇಳಿದಳು.

ಇನ್ನು ನಿನ್ನನ್ನು ಎಲ್ಲಿಗೂ ತಡವಾಗಿ ಕರೆದೊಯ್ಯುವ ಹಾಗಿಲ್ಲ, ನೆಮ್ಮದಿಯಾಗಿರು. ಅಕ್ಷರ ದೊಡ್ಡದಾಗಿಯೇ ಬರೆದಿದ್ದೇನೆ.

ನೋರೀನ್


ಝೇನ್ಸ್‌ವಿಲ್
ಏಪ್ರಿಲ್ 3, 1989

ನೋರೀನ್,

ಇದನ್ನು ನಾನೇ ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಹತ್ತಿದ್ದರೆ ಬಿಡಿಸಿಕೊಂಡು ಓದು. ಪಾವ್ಲಿಕ್ ಕೈಲಿ ಬರೆಸುವ ಕಾಗದ ಇದಲ್ಲ.

ಈಸ್ಟರ್ ದಿನ ಅವಳು ನನಗೆ ಓದಿ ಹೇಳಲು ಬೈಬಲ್ ತೆರೆದಳು. ಎಲೆಗಳು ಅವಳ ಮಡಿಲಿಗೆ ಬಿದ್ದವು. "ಅಯ್ಯೋ ದೇವರೇ, ಎಷ್ಟು ಕೆಂಪು!" ಎಂದಳು.

"ಕಂದು ಅದು" ಎಂದೆ.

"ಕಂದಾ? ನಿಮ್ಮ ತಲೆ. ಬೆಂಕಿ ಆರಿಸೋ ಗಾಡಿ ಇದಕ್ಕಿಂತ ಕೆಂಪಿರಲ್ಲ."

"ಹೋಗಿ ನಿನ್ನ ಕನ್ನಡಕ ತೊಳ್ಕೊಂಡು ಬಾ" ಎಂದೆ. ಅವಳು ಮುಖ ಸಿಂಡರಿಸಿಕೊಂಡು ಓದು ಮುಂದುವರಿಸಿದಳು. ಏನು ಓದಿದಳೋ ನನಗೆ ಕೇಳಿಸಲಿಲ್ಲ.

ಅವಳು ಹೋದ ಮೇಲೆ ಎಲೆಗಳನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋದೆ. ಕಣ್ಣಂಚಿನಲ್ಲಿ ಹಿಡಿದು ನೋಡಿದೆ. ಕೆಸರು. ಕಾರ್ಖಾನೆಯಲ್ಲಿ ನಾವು ಬಳಿಯುತ್ತಿದ್ದ ಕೆಸರೇ. ಭಟ್ಟಿಗೆ ಹೋಗುವ ಮೊದಲು ಕೆಂಪು ಹೀಗೇ ಇರುತ್ತಿತ್ತು ನೋರೀನ್, ಆದರೂ ನಮಗೆ ಅದು ಕೆಂಪು ಎಂದು ಗೊತ್ತಿರುತ್ತಿತ್ತು. ಆಮೇಲೆ ಆ ಹುಲ್ಲಿನ ಬಣ್ಣದ ಕಂಬ ನೆನಪಾಯಿತು. ನಾನು ಬೈದಾಗ ನೀನು ತಿರುಗಿ ಬೈಯಲಿಲ್ಲ. ನೀನು, ತಿರುಗಿ ಬೈಯದವಳು! ಅಲ್ಲೇ ನನಗೆ ತಿಳಿಯಬೇಕಿತ್ತು.

ಹಾಗಂತ ನಾನು ಏನನ್ನೂ ಒಪ್ಪಿಕೊಳ್ಳುತ್ತಿಲ್ಲ. ನೀನು ತಡ ಮಾಡಿದೆ. ಗಾಳಿ ಎಲ್ಲ ಉದುರಿಸಿತ್ತು. ಗುಡ್ಡ ಕಂದಾಗಿತ್ತು. ನಾನು ಇದನ್ನು ಊರಿಗೆಲ್ಲ ಹೇಳಿದ್ದೇನೆ, ಇನ್ನೂ ಹೇಳಬೇಕು. ಈಗ ಆ ಪಾವ್ಲಿಕ್ ಎಲೆ ಕೆಂಪಿದೆ, ಕೆಂಪಿದೆ ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾಳೆ. ನೀನು ಒಂದು ಕಾಗದ ಬರೆ. ತಡವಾಗಿತ್ತು ಎಂದು ಬರೆ. ಅವಳ ಕೈಲೇ ಗಟ್ಟಿಯಾಗಿ ಓದಿಸುತ್ತೇನೆ.

ಬರೆಯುತ್ತೀಯಾ? ಇದು ನನಗೆ ಬರಬೇಕಾದದ್ದಲ್ಲ. ಕೇಳಿಕೊಳ್ಳುತ್ತಿದ್ದೇನೆ.

ಥೆಲ್ಮಾ


ಈರಿ
ಏಪ್ರಿಲ್ 10, 1989

ಥೆಲ್ಮಾ,

ಪಾವ್ಲಿಕ್ ಅವರೇ, ಇದನ್ನು ನಿಧಾನವಾಗಿ, ಗಟ್ಟಿಯಾಗಿ ಓದಿ. ಚರ್ಚಿನ ಹೆಂಗಸರು ಇದ್ದರೆ ಅವರನ್ನೂ ಕೂರಿಸಿಕೊಳ್ಳಿ.

ತಡವಾಗಿತ್ತು. ನಾನು ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿದ್ದೇನೆ. ಗುಡ್ಡದಲ್ಲಿ ಕೆಂಪು ಎನ್ನುವುದು ಒಂದು ಎಲೆಯೂ ಇರಲಿಲ್ಲ. ಥೆಲ್ಮಾ ಹೇಳಿದ್ದೆಲ್ಲ ಸರಿ. ಬಣ್ಣದ ವಿಷಯದಲ್ಲಿ ಅವಳ ಹತ್ತಿರ ಯಾರೂ ವಾದ ಮಾಡಬಾರದು. ಬೈಬಲ್‌ನಲ್ಲಿ ನಿಮಗೆ ಸಿಕ್ಕ ಕೆಂಪು ಎಲೆಗಳು ನನ್ನ ಗಂಡ ವಾಲ್ಟ್ ಹಿಂದೆಂದೋ ಕಳಿಸಿದವು. ಅವನು ಸರಿಯಾದ ಹೊತ್ತಿಗೆ ಹೋಗುತ್ತಿದ್ದ.

ಥೆಲ್ಮಾ, ಮೂರು ದಿನ ತಡ ಎಂದು ನೀನು ಊರಿಗೆಲ್ಲ ಹೇಳಿದ್ದೀಯ. ಅದೊಂದು ಮಾತ್ರ ತಪ್ಪು. ಹಾರನ್ ಹೊಡೆದು, ನೀನು ಬಾಗಿಲಿಗೆ ಬರುವಷ್ಟರಲ್ಲಿ ಕೈ ಬೀಸಿ ಹೊರಟೆವಲ್ಲ, ಆ ಮೊದಲನೆಯ ಅಕ್ಟೋಬರ್‌ನಲ್ಲೇ ತಡವಾಗಿತ್ತು.

ಪಾವ್ಲಿಕ್ ಅವರೇ, ಈ ಕೊನೆಯದನ್ನು ಇನ್ನೊಂದು ಸಲ ಓದಿ.

ನೋರೀನ್